ಬಲಗಾಲಿನ ಆರು ವಾರ

ನಾನು ಕಾಲು ಮುಂದಾಗಿ ಹುಟ್ಟಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸೊರಬ ತಾಲ್ಲೂಕಿನ ನಮ್ಮ ಊರಿನಲ್ಲಿ ನನ್ನ ಹೆಸರು ಗೊತ್ತಿಲ್ಲದವರಿಗೂ ಈ ಸಂಗತಿ ಗೊತ್ತಿತ್ತು. ತಲೆ ಮುಂದಾಗಿ ಬರಬೇಕಾದ ಮಗು ಕಾಲು ಮುಂದಾಗಿ ಬಂದರೆ ಆ ಕಾಲಿಗೆ ಚಳಕು, ಉಳುಕು ಬಿಡಿಸುವ ಶಕ್ತಿ ಇರುತ್ತದೆಂದು ನಮ್ಮ ಕಡೆ ನಂಬುತ್ತಾರೆ. ಸೊಂಟ ಹಿಡಿದವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ನಮ್ಮ ಜಗಲಿಯ ಮೇಲೆ ಬೋರಲು ಮಲಗುತ್ತಿದ್ದರು. ನಾನು ನಿದ್ದೆಗಣ್ಣಿನಲ್ಲಿ ಎದ್ದು ಬಂದು ಎಡಗಾಲನ್ನು ಮೂರು ಸಲ ಅವರ ಸೊಂಟಕ್ಕೆ ತಾಗಿಸಬೇಕು. ಮಾತಾಡಬಾರದು. ಅವರೂ ಮಾತಾಡದೆ ಎದ್ದು, ತಿರುಗಿ ನೋಡದೆ ಹೋಗಬೇಕು. ಹಿಂದಿನ ದಿನವಷ್ಟೇ ಮಗ್ಗಿ ಬರಲಿಲ್ಲವೆಂದು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಮೇಷ್ಟ್ರು ಒಂದು ಬೆಳಿಗ್ಗೆ ಬಂದು ಮಲಗಿದರು. ಅವರಿಗೆ ತಾಗಿಸುವಾಗ ಸ್ವಲ್ಪ ಜೋರಾಗಿಯೇ ತಾಗಿಸಿದೆ. ಅವರು ವಾಸಿಯಾದರು.

ಆಮೇಲೆ ನಾನು ಫಿಸಿಯೋಥೆರಪಿ ಓದಿದೆ. ನಾಲ್ಕೂವರೆ ವರ್ಷ ಮೂಳೆ, ಸ್ನಾಯು, ನರ ಎಂದು ಬಾಯಿಪಾಠ ಮಾಡಿ, ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ ಬಾಡಿಗೆಗೆ ಹಿಡಿದು ಕ್ಲಿನಿಕ್ ತೆರೆದೆ. ಬೋರ್ಡು ಏರಿಸಿದ ದಿನ ಅಮ್ಮನಿಗೆ ಕೈಮುಗಿದು ಹೇಳಿದೆ: "ಕಾಲಿನ ವಿಷಯ ಇಲ್ಲಿ ಯಾರ ಹತ್ರನೂ ಬಾಯಿ ಬಿಡ್ಬೇಡ." ಅಮ್ಮನಿಗೆ ಬೇಸರವಾಯಿತು. ಅವಳ ಪ್ರಕಾರ ಬೋರ್ಡಿನಲ್ಲಿ ಅದನ್ನೇ ಬರೆಸಬೇಕಿತ್ತು.

ಕ್ಲಿನಿಕ್ಕಿಗೆ ಬರುತ್ತಿದ್ದವರು ಬಳ್ಳಿಗಾವಿ ಕಡೆಯಿಂದ ಭತ್ತ ನೆಟ್ಟು ಸೊಂಟ ಹಿಡಿದ ಹೆಂಗಸರು, ಕತ್ತು ತಿರುಗದ ಲಾರಿ ಡ್ರೈವರುಗಳು, ದೀಪಾವಳಿ ಆದಮೇಲೆ ಹೋರಿ ಹಿಡಿಯಲು ಹೋಗಿ ತೊಡೆ ಹರಿದುಕೊಂಡ ವೀರರು. ಎಲ್ಲರಿಗೂ ಬೇಕಾದದ್ದು ಕರೆಂಟು. ಮಿಷನ್ನಿನ ವೈರು ಅಂಟಿಸಿ ಜುಮ್ಮೆನ್ನಿಸಿದರೆ ತೃಪ್ತಿಯಿಂದ ಹೋಗುತ್ತಿದ್ದರು. ವ್ಯಾಯಾಮ ಹೇಳಿಕೊಟ್ಟರೆ, "ಇದನ್ನ ನಾವು ಮನ್ಯಾಗೂ ಮಾಡ್ಬಹುದಲ್ರೀ, ಇಲ್ಲಿಗ್ಯಾಕೆ ಬರ್ಬೇಕು?" ಎಂದು ನನ್ನನ್ನೇ ಕೇಳುತ್ತಿದ್ದರು. ಅದು ನಿಜವೂ ಆಗಿತ್ತಾದ್ದರಿಂದ ನನಗೆ ಸಿಟ್ಟು ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಅವನು ಬಂದ. ಆನವಟ್ಟಿ ಹತ್ತಿರದ ಹಳ್ಳಿಯವನು, ಇಪ್ಪತ್ತಾರು ವರ್ಷದ ಕಬಡ್ಡಿ ಆಟಗಾರ. ಊರೂರಿನ ಟೂರ್ನಮೆಂಟು ಆಡುವವನಲ್ಲ. ದೊಡ್ಡ ತಂಡವೊಂದಕ್ಕೆ ಸಹಿ ಹಾಕಿ, ಟಿವಿಯಲ್ಲಿ ಕಾಣಿಸಿಕೊಳ್ಳುವ ರೈಡರು. ಜೊತೆಯಲ್ಲಿ ಅವನ ತಾಯಿ, ಆಕೆಯ ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಸ್ಕ್ಯಾನಿನ ಫಿಲಂ. ಬಲಗಾಲಿನ ತೊಡೆಯ ಹಿಂಭಾಗದ ಸ್ನಾಯು ಅರ್ಧಂಬರ್ಧ ಹರಿದಿತ್ತು. ತಂಡದ ಫಿಸಿಯೋ ಒಂದು ಪತ್ರ ಕೊಟ್ಟು ಕಳಿಸಿದ್ದರು: ಮನೆಯ ಹತ್ತಿರ ಯಾರಾದರೂ ದಿನವೂ ನೋಡಿಕೊಳ್ಳಲಿ, ವಾರಕ್ಕೊಮ್ಮೆ ವರದಿ ಕಳಿಸಲಿ, ಆರು ವಾರಕ್ಕೆ ಕ್ಯಾಂಪು.

"ಕ್ಯಾಂಪಿನ ಮೊದಲ್ನೇ ದಿನನೇ ಓಡ್ಸಿ ನೋಡ್ತಾರೆ ಮೇಡಂ," ಅಂದ ಅವನು. "ಅದ್ರಲ್ಲಿ ಫೇಲಾದ್ರೆ ನನ್ ಜಾಗಕ್ಕೆ ಇನ್ನೊಬ್ಬ ರೆಡಿ ಇದಾನೆ. ಒಂದ್ ಸಲ ಆ ಜಾಗ ಹೋಯ್ತು ಅಂದ್ರೆ ಮತ್ತೆ ಆನವಟ್ಟಿ ಬಯಲೇ ಗತಿ."

ಗೋಡೆಗೆ ಒರಗಿ ಕೂತಿದ್ದ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇಷ್ಟು ಸಣ್ಣ ಹೆಂಗಸು ಇಷ್ಟು ದೊಡ್ಡ ತೊಡೆಯನ್ನು ಏನು ಮಾಡಿಯಾಳು ಎಂಬ ಅನುಮಾನ ಮುಖದಲ್ಲೇ ಇತ್ತು. ಅದೇ ಅನುಮಾನ ನನಗೂ ಇತ್ತು. ಭತ್ತ ನೆಡುವ ಹೆಂಗಸಿಗೆ ನೋವು ಹೋದರೆ ನನ್ನ ಕೆಲಸ ಮುಗಿಯಿತು, ಅವಳು ಮರುದಿನ ಗದ್ದೆಗೆ ಇಳಿಯುತ್ತಾಳೆ. ಇವನಿಗೆ ನೋವು ಹೋದ ಮೇಲೆ ಕೆಲಸ ಶುರು. ನಡೆಯುವುದಕ್ಕೆ ಸಾಕಾಗುವ ಸ್ನಾಯು ಇವನಿಗೆ ಸಾಲದು. ಏಳು ಜನ ಬೆನ್ನಟ್ಟಿ ಬರುವಾಗ ಹಿಂದಕ್ಕೆ ಒದ್ದು, ಗಾಳಿಯಲ್ಲೇ ತಿರುಗಿ, ಗೆರೆ ಮುಟ್ಟುವುದಕ್ಕೆ ಸಾಕಾಗಬೇಕು. ಅಂಥ ಸ್ನಾಯುವನ್ನು ನಾನು ಪುಸ್ತಕದಲ್ಲಿ ಮಾತ್ರ ಗುಣಪಡಿಸಿದ್ದೆ. ಆದರೂ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಹೆಮ್ಮೆಯೇ ಆಯಿತು.

ಮೊದಲ ವಾರ ಮಂಜುಗಡ್ಡೆ, ವಿಶ್ರಾಂತಿ, ಮೆಲ್ಲಗೆ ಮಡಚುವುದು, ಚಾಚುವುದು. ಎಣ್ಣೆ ಹಚ್ಚಿ ತಿಕ್ಕಬೇಡಿ ಎಂದು ತಾಯಿಗೆ ಮೂರು ಸಲ ಹೇಳಿದೆ. ಹ್ಞೂಂ ಅಂದರು. ಮರುದಿನ ಅವನ ತೊಡೆ ಎಳ್ಳೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಆ ವಾರದ ಕೊನೆಯಿಂದ ಅಂಗಾತ ಮಲಗಿ, ಬಲ ಹಿಮ್ಮಡಿಯನ್ನು ಕುರ್ಚಿಯ ಮೇಲಿಟ್ಟು, ಸೊಂಟವನ್ನು ಮೇಲಕ್ಕೆತ್ತಿ ಇಳಿಸುವುದು. ಮೂರನೆಯ ವಾರದಿಂದ ಮಂಡಿಯೂರಿ ಕೂತು, ನಾನು ಹಿಂದಿನಿಂದ ಅವನ ಬಲಪಾದದ ಹರಡನ್ನು ಒತ್ತಿ ಹಿಡಿದಿರುವಾಗ, ನೇರವಾಗಿ ಮುಂದಕ್ಕೆ ನಿಧಾನವಾಗಿ ಬೀಳುವುದು. ಇದು ಹರಿದ ಸ್ನಾಯುವನ್ನು ಎಳೆಯುತ್ತಲೇ ಗಟ್ಟಿ ಮಾಡುವ ವ್ಯಾಯಾಮ. ಮೊದಲ ದಿನ ಅದನ್ನು ನೋಡಿದ ತಾಯಿ, "ಏ, ಮೂಗು ಒಡ್ಕಂತಾನೆ ಹಿಡ್ಕಳ್ರೀ!" ಎಂದು ಕೂಗಿದ್ದಕ್ಕೆ ಕೆಳಗಿನ ಅಂಗಡಿಯವರು ಓಡಿಬಂದರು. ಅವನು ನಕ್ಕೂ ನಕ್ಕೂ ನಿಜವಾಗಿಯೇ ಮೂಗಿನ ಮೇಲೆ ಬಿದ್ದ.

ಪ್ರತಿ ಶನಿವಾರ ಲೆಕ್ಕ. ಒಂದೊಂದು ಕಾಲಿನಿಂದ ಎಷ್ಟು ಸಲ ಸೊಂಟ ಎತ್ತಬಲ್ಲ ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುವುದು, ಎಡಗಾಲಿಗೊಂದು ಸಾಲು, ಬಲಗಾಲಿಗೊಂದು ಸಾಲು. ಪೆಟ್ಟಾದ ಕಾಲು ಚೆನ್ನಾಗಿರುವ ಕಾಲಿಗೆ ಸಮವಾದರೆ ಆಟಕ್ಕೆ ಬಿಡಬಹುದು. ನಾನು ಕಲಿತದ್ದು ಹಾಗೆ, ತಂಡದ ಫಿಸಿಯೋ ಫೋನಿನಲ್ಲಿ ಹೇಳಿದ್ದೂ ಹಾಗೆ. ಮೊದಲ ಶನಿವಾರ ಬಲಗಾಲು ಏಳಕ್ಕೆ ಸುಸ್ತಾಯಿತು. ಐದನೆಯ ಶನಿವಾರ ಇಪ್ಪತ್ತೈದು. ಎಡಗಾಲೂ ಇಪ್ಪತ್ತೈದು. ಎರಡೂ ಸಂಖ್ಯೆಗಳ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಆ ಹಾಳೆಯ ಫೋಟೋ ತೆಗೆದು ತಂಡಕ್ಕೆ ಕಳಿಸಿದೆ. ಆ ಕಡೆಯಿಂದ ಹೆಬ್ಬೆರಳಿನ ಚಿತ್ರ ಬಂತು. ಆ ದಿನ ಮನೆಗೆ ಹೋಗುವಾಗ ಜಿಲೇಬಿ ಕಟ್ಟಿಸಿಕೊಂಡು ಹೋದೆ.

ಆದರೆ ಅವನು ಓಡಲಿಲ್ಲ. ಓಡುತ್ತಿದ್ದ, ಆದರೆ ಪೂರ್ತಿ ಓಡುತ್ತಿರಲಿಲ್ಲ. ಊರಾಚೆಯ ಮೈದಾನದಲ್ಲಿ ನಾನು ಸೀಟಿ ಊದಿದರೆ ಚೆನ್ನಾಗಿಯೇ ಹೊರಟು, ಇನ್ನೇನು ವೇಗಕ್ಕೆ ಬಿದ್ದ ಅನ್ನುವಾಗ ಯಾರೋ ಅಂಗಿ ಹಿಡಿದು ಎಳೆದ ಹಾಗೆ ನಿಧಾನವಾಗಿಬಿಡುತ್ತಿದ್ದ.

"ನೋವಾ?"

"ನೋವಿಲ್ಲ ಮೇಡಂ."

"ಎಳೆತಾನಾ?"

"ಎಳ್ತನೂ ಇಲ್ಲ. ಏನೋ ಒಂಥರಾ."

"ಒಂಥರಾ ಅಂದ್ರೆ?"

"ಗೊತ್ತಿಲ್ಲ ಮೇಡಂ."

ಇದಕ್ಕೂ ಒಂದು ಪರೀಕ್ಷೆ ಇದೆ. ಮಲಗಿಸಿ, ಮಂಡಿ ಮಡಚದಂತೆ ಪಟ್ಟಿ ಕಟ್ಟಿ, ಕಾಲನ್ನು ಸಾಧ್ಯವಾದಷ್ಟು ರಭಸದಿಂದ ಮೇಲಕ್ಕೆ ಬೀಸಲು ಹೇಳುವುದು. ಆಗ ಕೇಳಬೇಕಾದ ಪ್ರಶ್ನೆ ನೋಯಿತೇ ಎಂದಲ್ಲ, ಹೆದರಿಕೆಯಾಯಿತೇ ಎಂದು. ಎಡಗಾಲನ್ನು ಯೋಚನೆಯೇ ಇಲ್ಲದೆ ಬೀಸಿದ. ಬಲಗಾಲನ್ನು ತುಂಬಿದ ಕೊಡ ಎತ್ತುವ ಹಾಗೆ ಎತ್ತಿದ. ಹೆದರಿಕೆ ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಅದಕ್ಕೆ ಕರೆಂಟು ಕೊಡಲು ಬರುವುದಿಲ್ಲ. ಸ್ನಾಯು ಕೂಡಿಕೊಂಡಿದೆ, ಉಳಿದದ್ದು ಮನಸ್ಸು ಮಾತ್ರ ಎಂದು ಸಮಾಧಾನ ಹೇಳಿದೆ. "ಆ ಮನಸ್ಸಿಗೆ ಯಾವ ಎಕ್ಸರ್‌ಸೈಜು ಮೇಡಂ?" ಎಂದು ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಆ ವಾರವೇ ಅವನ ತಾಯಿಗೆ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಊರಿನ ಅಜ್ಜಿಯೊಬ್ಬರು ಸಿಕ್ಕಿದ್ದಾರೆ. ಮಗನನ್ನು ಶಿಕಾರಿಪುರದಲ್ಲಿ ಯಾರಿಗೆ ತೋರಿಸುತ್ತಿದ್ದೀರಿ ಎಂಬ ಮಾತು ಬಂದಿದೆ. ಅಲ್ಲಿಗೆ ನನ್ನ ಗುಟ್ಟು ರಟ್ಟಾಯಿತು. ಮರುದಿನ ಅವರು ಕ್ಲಿನಿಕ್ಕಿಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಮುಖ ನೋಡಲಿಲ್ಲ, ಪಾದ ನೋಡಿದರು.

"ಐದು ವಾರ ಆತು. ಒಂದ್ ಮಾತು ಹೇಳ್ಲಿಲ್ಲಲ್ಲವ್ವ ನೀನು," ಅಂದರು. ಅಲ್ಲಿಯವರೆಗೂ ನಾನು 'ಡಾಕ್ಟ್ರೇ' ಆಗಿದ್ದವಳು, ಆ ಗಳಿಗೆಯಿಂದ 'ಅವ್ವ' ಆದೆ.

"ಏನು ಹೇಳ್ಬೇಕಿತ್ತಮ್ಮಾ?"

"ನೀನು ಕಾಲು ಮುಂದಾಗಿ ಹುಟ್ಟಿದೋಳು ಅಂತ. ಸುಮ್ನೆ ಇವನ್ನ ಎತ್ತು ಇಳ್ಸು ಅಂತ ಸಾಯ್ಸಿದೆ. ಮೂರ್ ಸಲ ಕಾಲ್ ತಾಗ್ಸಿದ್ರೆ ಮೊದಲ್ನೇ ದಿನನೇ ಮುಗೀತಿತ್ತು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇದು ಚಳಕಲ್ಲ, ಹರಿದ ಸ್ನಾಯು, ಇದಕ್ಕೆ ಕಾಲು ತಾಗಿಸಿದರೆ ಏನೂ ಆಗುವುದಿಲ್ಲ, ಮಂತ್ರಕ್ಕೆ ಮಾವಿನಕಾಯಿ ಉದುರೀತೇ ಎಂದು ಒಂದೇ ಉಸಿರಿಗೆ ಹೇಳಿದೆ. ಆಕೆ ಎಲ್ಲವನ್ನೂ ಶಾಂತವಾಗಿ ಕೇಳಿ, "ಏನೂ ಆಗಲ್ಲ ಅಂದ್ರೆ ತಾಗ್ಸಕ್ಕೇನಾಗ್ಬೇಕು?" ಅಂದರು. ಕೋಣೆಯಿಂದ ಎದ್ದು ಹೋಗಿ ನೀರು ಕುಡಿದು ಬಂದೆ.

ಮೂರು ದಿನ ಒಪ್ಪಲಿಲ್ಲ. ಮೂರು ದಿನವೂ ಅವನು ಮೈದಾನದಲ್ಲಿ ಅದೇ ಜಾಗದಲ್ಲಿ ನಿಧಾನವಾದ. ಕ್ಯಾಂಪಿಗೆ ನಾಲ್ಕು ದಿನ ಉಳಿದಿತ್ತು. ಆ ಸಂಜೆ ಅವನು ಹುಲ್ಲಿನ ಮೇಲೆ ಕೂತು ಶೂ ಬಿಚ್ಚುತ್ತಾ, ನನ್ನ ಕಡೆ ನೋಡದೆ, "ಮೇಡಂ, ನಂಗೆ ಅದೆಲ್ಲ ನಂಬ್ಕೆ ಇಲ್ಲ," ಅಂದ. ಶೂ ಎರಡನ್ನೂ ಬದಿಗಿಟ್ಟು, "ಆದ್ರೂ ಒಂದ್ ಸಲ ತಾಗ್ಸಿಬಿಡಿ," ಅಂದ. ತಾಯಿ ಕೇಳಿದಾಗ ಬಂದ ಸಿಟ್ಟು ಅವನು ಕೇಳಿದಾಗ ಬರಲಿಲ್ಲ. ಪಾಪ ಅನ್ನಿಸಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಬಂದರು. ನಾನು ಬೆಡ್ಡು ತೋರಿಸಿದೆ. ನೆಲವೇ ಆಗಬೇಕು ಎಂದರು ತಾಯಿ. ಅವನು ನೆಲದ ಮೇಲೆ ಬೋರಲು ಮಲಗಿದ. ಯಾರಾದರೂ ನೋಡಿಯಾರೆಂದು ಕ್ಲಿನಿಕ್ಕಿನ ಬಾಗಿಲು ಹಾಕಿ ಕಿಟಕಿಯ ಪರದೆ ಎಳೆದೆ. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ನನ್ನ ಡಿಗ್ರಿ ನೇತಾಡುತ್ತಿತ್ತು, ಅದರ ಮೇಲೂ ಪರದೆ ಎಳೆಯಬಹುದಿದ್ದರೆ ಎಳೆಯುತ್ತಿದ್ದೆ. "ಬಲಗಾಲಿಗೆ ತಾಗ್ಸವ್ವ, ಅಷ್ಟೇ ಸಾಕು," ಎಂದು ಪಿಸುಗುಟ್ಟಿ ತಾಯಿ ಆ ಕಡೆ ತಿರುಗಿ ನಿಂತರು. ಎಡಗಾಲಿನ ಪಾದವನ್ನು ಅವನ ಬಲದೊಡೆಯ ಹಿಂಭಾಗಕ್ಕೆ ತಾಗಿಸಿದೆ. ಒಂದು. ಬೆರಳಿನಿಂದ ಐದು ವಾರ ಒತ್ತಿ ನೋಡಿದ್ದ ಅದೇ ಸ್ನಾಯು ಅಂಗಾಲಿಗೆ ಬೇರೆಯೇ ತೋರಿತು, ಬೆಚ್ಚಗೆ, ಸಣ್ಣಗೆ ಅದುರುತ್ತಾ. ಎರಡು. ನಾನು ಏನು ಮಾಡುತ್ತಿದ್ದೇನೆ ಎಂದುಕೊಂಡೆ. ಮೂರು. ಅವನು ಎದ್ದ, ತಿರುಗಿ ನೋಡದೆ ಬಾಗಿಲು ತೆಗೆದು ಮೆಟ್ಟಿಲಿಳಿದು ಹೋದ. ತಾಯಿಯೂ ಹೋದರು.

ಸಂಜೆ ಮೈದಾನದಲ್ಲಿ ಸೀಟಿ ಊದಿದೆ. ಅವನು ಓಡಿದ. ಯಾವ ಜಾಗದಲ್ಲಿ ನಿಧಾನವಾಗುತ್ತಿದ್ದನೋ ಆ ಜಾಗ ದಾಟಿ, ಗೆರೆ ದಾಟಿ, ಆಚೆ ಕಟ್ಟಿದ್ದ ಎಮ್ಮೆ ಬೆದರುವಷ್ಟು ದೂರ ಓಡಿದ. ನಾನು ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತಿದ್ದೆ. ಖುಷಿಯಾಯಿತು, ಅವಮಾನವೂ ಆಯಿತು. ಐದು ವಾರ ಅವನ ಹರಡು ಹಿಡಿದು ಬೆವರು ಸುರಿಸಿದ್ದು ನಾನೇ, ಮೂರು ಸಲ ಪಾದ ತಾಗಿಸಿದ್ದೂ ನಾನೇ. ಗೆದ್ದದ್ದು ಯಾರು? ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕೂತ ಕಾಗೆ ನಾನೇ ಆಗಿದ್ದರಿಂದ ಆ ಸಮಾಧಾನವೂ ನಿಲ್ಲಲಿಲ್ಲ. ತಂಡಕ್ಕೆ ಕಳಿಸಿದ ಕೊನೆಯ ವರದಿಯಲ್ಲಿ, "ಓಟದ ಭಯ ನಿವಾರಣೆಗೆ ಭರವಸೆ ನೀಡಲಾಯಿತು," ಎಂದು ಬರೆದೆ. ಯಾವ ಅಂಗದಿಂದ ನೀಡಲಾಯಿತೆಂದು ಬರೆಯಲಿಲ್ಲ.

ಕ್ಯಾಂಪಿನಿಂದ ಫೋನು ಬಂತು. "ಪಾಸಾದೆ ಅಕ್ಕಾ!" ಮೇಡಂ ಹೋಗಿ ಅಕ್ಕ ಆಗಿದ್ದೆ. ಆಮೇಲೆ ಒಂದು ತಿಂಗಳು ಆನವಟ್ಟಿ ಬಸ್ಸಿನಿಂದ ಇಳಿದವರು ನೇರವಾಗಿ ಮಹಡಿ ಹತ್ತಿ ಬಂದು ನೆಲದ ಮೇಲೆ ಮಲಗತೊಡಗಿದರು. ಎಬ್ಬಿಸಿ ಎಬ್ಬಿಸಿ ಬೆಡ್ಡಿನ ಮೇಲೆ ಮಲಗಿಸುವುದೇ ನನ್ನ ಕೆಲಸವಾಯಿತು.

ಟೂರ್ನಿಯ ಎರಡನೆಯ ಪಂದ್ಯವನ್ನು ಮನೆಯಲ್ಲಿ ಅಮ್ಮನ ಜೊತೆ ಕೂತು ನೋಡುತ್ತಿದ್ದೆ. ಅವನು ರೈಡಿಗೆ ಹೋದ. ಬಲಗಾಲಿನಿಂದ ಹಿಂದಕ್ಕೆ ಒದ್ದು ಒಬ್ಬನನ್ನು ಮುಟ್ಟಿದ. "ನೋಡು, ಆ ಕಾಲು!" ಎಂದು ಅಮ್ಮ ಚಪ್ಪಾಳೆ ತಟ್ಟಿದಳು. ವಾಪಸು ತಿರುಗಿ ಎಡಗಾಲನ್ನು ಊರಿ ಗೆರೆಯ ಕಡೆಗೆ ಚಾಚಿದವನು ಅರ್ಧದಲ್ಲೇ ಕುಸಿದ. ಅವನ ಕೈ ತೊಡೆಯ ಹಿಂದಕ್ಕೆ ಹೋಯಿತು. ಎಡದೊಡೆಯ ಹಿಂದಕ್ಕೆ. ಟಿವಿಯಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತದೇನೋ ಎಂದು ಒಂದು ಕ್ಷಣ ನಿಜವಾಗಿಯೂ ಯೋಚಿಸಿದೆ. ನಾಲ್ಕು ಜನ ಅವನನ್ನು ಎತ್ತಿಕೊಂಡು ಹೊರಗೆ ಹೋಗುವಾಗ ಮತ್ತೆ ತೋರಿಸಿದರು. ಎಡಗಾಲೇ.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದವಳೇ ನೋಟ್‌ಬುಕ್ಕು ತೆಗೆದೆ. ಬಲಗಾಲಿನ ಸಾಲು: ಏಳು, ಹನ್ನೆರಡು, ಹದಿನೇಳು, ಇಪ್ಪತ್ತೊಂದು, ಇಪ್ಪತ್ತೈದು. ಎಡಗಾಲಿನ ಸಾಲು: ಮೂವತ್ತೆರಡು, ಮೂವತ್ತೊಂದು, ಇಪ್ಪತ್ತೊಂಬತ್ತು, ಇಪ್ಪತ್ತೇಳು, ಇಪ್ಪತ್ತೈದು. ಕೆಳಗೆ ನಾನೇ ಎಳೆದ ಕೆಂಪು ಗೆರೆ. ಬಲಗಾಲು ಏರಿದ್ದು ನಿಜ. ಆದರೆ ಅದು ಪೂರ್ತಿ ಏರಿ ಸಮವಾಗಿರಲಿಲ್ಲ, ಎಡಗಾಲು ಏಳು ಮೆಟ್ಟಿಲು ಇಳಿದು ಬಂದು ಭೇಟಿಯಾಗಿತ್ತು. ಐದು ವಾರ ನಾನು ಬಲಗಾಲಿಗೆ ಊಟ ಬಡಿಸಿದ ಹಾಗೆ ವ್ಯಾಯಾಮ ಬಡಿಸಿದ್ದೆ, ಎಡಗಾಲಿಗೆ ಏನೂ ಕೊಡದೆ ಅಳತೆಗೋಲು ಮಾಡಿ ನಿಲ್ಲಿಸಿದ್ದೆ. ಆ ಅಳತೆಗೋಲೇ ವಾರವಾರ ಸವೆಯುತ್ತಿತ್ತು. ಪ್ರತಿ ಶನಿವಾರ ಆ ಸಂಖ್ಯೆಯನ್ನು ನನ್ನ ಕೈಯಿಂದಲೇ ಬರೆದಿದ್ದೆ. ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗೆ ಬಂತು ಬುದ್ಧಿ.

ಅದೂ ಪೂರ್ತಿ ಬುದ್ಧಿಯೋ ಅಲ್ಲವೋ ತಿಳಿಯದು. ಇಷ್ಟು ಇಳಿದದ್ದಕ್ಕೇ ಹರಿಯಿತು ಎಂದು ಹೇಳಲು ಬರುವುದಿಲ್ಲ. ಕೆಲವರಿಗೆ ಏನೂ ಆಗದೆ ಹೋಗುತ್ತದೆ. ನಾನು ಕಾಲು ತಾಗಿಸದೆ ಇದ್ದಿದ್ದರೆ ಆ ಹೆದರಿಕೆ ಅವನನ್ನು ಹಿಡಿದು ನಿಲ್ಲಿಸಿ, ಕ್ಯಾಂಪಿನಲ್ಲಿ ಫೇಲಾಗಿ, ಎರಡೂ ಕಾಲು ಉಳಿಯುತ್ತಿದ್ದವೇನೋ. ಜಾಗ ಆಗಲೂ ಹೋಗುತ್ತಿತ್ತು. ಎಷ್ಟು ಯೋಚಿಸಿದರೂ ಯಾವ ಕಡೆಯಿಂದಲೂ ಲೆಕ್ಕ ಕೂಡಲಿಲ್ಲ.

ತಂಡ ಅವನ ಜಾಗಕ್ಕೆ ಇನ್ನೊಬ್ಬನನ್ನು ತೆಗೆದುಕೊಂಡಿತು, ಇವನನ್ನು ಬಿಟ್ಟುಕೊಟ್ಟಿತು. ಹತ್ತು ದಿನ ಬಿಟ್ಟು ತಾಯಿ ಮಗ ಇಬ್ಬರೂ ಕ್ಲಿನಿಕ್ಕಿಗೆ ಬಂದರು. ಅವನು ಬೆಡ್ಡಿನ ಮೇಲೆ ಬೋರಲು ಮಲಗಿ ಮುಖ ಮುಚ್ಚಿಕೊಂಡ. ತಾಯಿ ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನಾನು ಬೈಗುಳಕ್ಕೆ ತಯಾರಾಗಿದ್ದೆ.

"ತಪ್ಪು ನಂದೇ ಕಣವ್ವ," ಅಂದರು. "ನಿಂದೇನೂ ಇಲ್ಲ. ಬಲಗಾಲಿಗೆ ಸಾಕು ಅಂತ ನಾನೇ ಅಂದೆ. ಎರಡಕ್ಕೂ ತಾಗ್ಸು ಅನ್ಬೇಕಿತ್ತು. ನನ್ ಬುದ್ಧಿಗಿಷ್ಟು ಮಣ್ಣು ಹಾಕ. ಮಗನ ಅನ್ನ ನಾನೇ ಕಳ್ದೆ."

ಸುಮ್ಮನಿರಬಹುದಿತ್ತು. ಹೊರಗಿನವರು ಯಾರೂ ಕೇಳುವವರಿರಲಿಲ್ಲ. ಆದರೆ ಆಕೆ ಅಳುತ್ತಿದ್ದರು, ನನಗೆ ತಡೆಯಲಾಗಲಿಲ್ಲ.

"ಇಲ್ಲಮ್ಮಾ, ತಪ್ಪು ನಂದು. ಕಾಲು ತಾಗ್ಸಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಐದು ವಾರ ಬಲಗಾಲೊಂದನ್ನೇ ನೋಡ್ದೆ. ಎಡಗಾಲು ನೋಡ್ಲೇ ಇಲ್ಲ."

"ನಾನೂ ಅದ್ನೇ ಅಲ್ಲೇನವ್ವ ಹೇಳ್ತಿರದು?"

ಅಲ್ಲ, ಹಾಗಲ್ಲ ಎಂದು ನೋಟ್‌ಬುಕ್ಕು ತೆರೆದು ಅವರ ಮುಂದೆ ನೆಲದ ಮೇಲಿಟ್ಟೆ. ಇದು ಬಲಗಾಲು, ಇದು ಎಡಗಾಲು, ಪ್ರತಿ ಶನಿವಾರ ಎಣಿಸಿದ್ದು ಎಂದೆ. ಆಕೆ ಶಾಲೆಗೆ ಹೋದವರಲ್ಲ, ಆದರೆ ಆನವಟ್ಟಿ ಸಂತೆಯಲ್ಲಿ ತರಕಾರಿ ಮಾರಿದವರು, ಅಂಕಿ ಗೊತ್ತಿತ್ತು. ತೋರುಬೆರಳನ್ನು ಎಡಗಾಲಿನ ಸಾಲಿನ ಮೇಲಿಟ್ಟು ಒಂದೊಂದಾಗಿ ಕೆಳಕ್ಕೆ ತಂದರು. ಕೆಂಪು ಗೆರೆಯ ಹತ್ತಿರ ಬೆರಳು ನಿಂತಿತು. ಬೆಡ್ಡಿನ ಮೇಲೆ ಅವನು ತಲೆಯೆತ್ತಿ ನಮ್ಮ ಕಡೆ ನೋಡುತ್ತಿದ್ದ.

"ಇದು ವಾರಾ ವಾರಾ ಇಳೀತಾ ಬಂದೈತಲ್ಲವ್ವ," ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಅರ್ಥವಾಗದೆ ಕೇಳಿದರು. "ಇಷ್ಟ್ ಓದ್ದೋಳು, ನಿಂಗಿದು ಕಾಣ್ಲಿಲ್ಲಾ?"

"ಕಾಣ್ಲಿಲ್ಲಮ್ಮಾ," ಎಂದೆ.